ಹಳದಿ ಚಾಕಿನ ಗುರುತು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆಣೆ ಸಾಲದು ಎನ್ನುವವರು ಇಷ್ಟು ಕೇಳಿ: ಈ ಮಾತುಗಳನ್ನು ಆಡುವಾಗ ನನ್ನ ಎರಡೂ ಕೆನ್ನೆಗೆ ಸೋಪಿನ ನೊರೆ ಬಳಿದಿತ್ತು, ತಲೆ ಕುರ್ಚಿಯ ಮೇಲೆ ಹಿಂದಕ್ಕೆ ವಾಲಿತ್ತು, ಗಂಟಲ ಪಕ್ಕದಲ್ಲಿ ಕ್ಷೌರದ ಕತ್ತಿ ಇತ್ತು. ಕತ್ತಿ ಹಿಡಿದವನು ಈ ಕೇಸಿನ ನಾಲ್ಕನೇ ಆರೋಪಿ. ಅಂಥ ಹೊತ್ತಿನಲ್ಲಿ ಯಾರಿಗೂ ಸುಳ್ಳು ಹೊಳೆಯುವುದಿಲ್ಲ.

"ಅಲ್ಲಾಡ್ಬೇಡ ಕಣೋ ಪತ್ತೇದಾರ," ಎಂದ ಸಲೂನಿನವನು.

"ಅಲ್ಲಾಡ್ತಿಲ್ಲ ಗುರುವೇ. ಪ್ರಶ್ನೆ ಕೇಳ್ತಿದೀನಿ. ಶನಿವಾರ ಬೆಳಿಗ್ಗೆ ನೀನು ನಮ್ಮಕ್ಕನ ಮನೇಲಿ ಏನು ಮಾಡ್ತಿದ್ದೆ?"

ಕತ್ತಿ ನಿಂತಿತು. ಕೆನ್ನೆಯಲ್ಲಿ ಚುರ್ ಎಂದಿತು. ಮೂವತ್ತು ವರ್ಷಗಳಲ್ಲಿ ಅವನ ಕೈಯಲ್ಲಿ ನನ್ನ ರಕ್ತ ಕಂಡದ್ದು ಅದೇ ಮೊದಲು. ಪುರಾವೆ ಒಂದು, ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಹೋದ ವಾರದ ಕಂತು ತಪ್ಪಿಸಿಕೊಂಡವರಿಗೆ ಒಂದೇ ಸಾಲು: ಭಾವನ ದನಿಯಲ್ಲಿದ್ದ ಇಪ್ಪತ್ತಮೂರು ಕಥೆಗಳು ಗುರುವಾರ ಅಕ್ಕನ ಹೊಸ ಹಾರ್ಡ್ ಡಿಸ್ಕಿನಲ್ಲಿದ್ದವು, ಭಾನುವಾರ ಇರಲಿಲ್ಲ.

ನನ್ನ ಕಸುಬು ಗಡಿಯಾರ ರಿಪೇರಿ. ಪತ್ತೇದಾರಿಕೆ ಮನೆಮಂದಿಗೆ ಮಾತ್ರ. ಭಾವ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿದವರು. ಊರಿಗೆಲ್ಲ ಅವರು ಮೈಕಣ್ಣ. ಅವರು "ಹೊರಡಲಿದೆ" ಎಂದರೆ ಪಂಕ್ಚರ್ ಆದ ಬಸ್ಸೂ ನಾಲ್ಕು ಮಾರು ಮುಂದೆ ಹೋಗುತ್ತಿತ್ತು. ಕಣ್ಣಾರೆ ನೋಡಿದ್ದೇನೆ.

ಆ ಗಂಟಲಿಗೆ ಈ ಬುಧವಾರ ಆಪರೇಷನ್ನು. "ಜೀವಕ್ಕೇನೂ ಭಯವಿಲ್ಲ, ದನಿ ಉಳಿಯುತ್ತೆ ಅಂತ ಮಾತ್ರ ಮಾತು ಕೊಡಲಾರೆ," ಎಂದಿದ್ದರು ಡಾಕ್ಟರು. ಅಕ್ಕನ ಮಗಳು ಈಗ ಏಳು ತಿಂಗಳ ಬಸುರಿ. ಹುಟ್ಟಲಿರುವ ಮೊಮ್ಮಗುವಿಗೆ ಇರಲಿ ಎಂದು ಭಾವ ಎರಡು ತಿಂಗಳಿಂದ ಹಳೇ ಕಂಪ್ಯೂಟರಿನ ಮುಂದೆ ಕೂತು ಕಥೆ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಇಪ್ಪತ್ತಮೂರನೆಯದು ಮುಗಿಯುವ ಹೊತ್ತಿಗೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಟಕ್ ಟಕ್ ಶುರುವಾಗಿತ್ತು.

"ಇದು ಗಡಿಯಾರ ಆಗಿದ್ರೆ ಸಂತೋಷಪಡ್ತಿದ್ದೆ," ಎಂದೆ ನಾನು. "ಕಂಪ್ಯೂಟರ್ ಹೀಗಂದ್ರೆ ಸಾಯೋಕೆ ಹೊರಟಿದೆ ಅಂತ."

ಹಾಗೆ ನಾನು, ಅಕ್ಕ ಡಿಸ್ಕ್ ತರಲು ಹೊರಟೆವು.

"ಅದೆಲ್ಲ ನಂಗೊತ್ತು," ಎಂದ ಸಲೂನಿನವನು, ಕೆನ್ನೆಗೆ ಹತ್ತಿ ಒತ್ತುತ್ತಾ. "ವಿಷಯಕ್ಕೆ ಬಾ."

"ವಿಷಯ ಅಂಗಡಿಯಲ್ಲೇ ಇದೆ. ಕೇಳು."

ಕಂಪ್ಯೂಟರ್ ಅಂಗಡಿಯವನು ಗಾಜಿನ ಮೇಲೆ ಎರಡು ಕಪ್ಪು ಡಬ್ಬಿ ಇಟ್ಟಿದ್ದ. ಒಂದು ಅಂಗೈಯಷ್ಟು, ಇನ್ನೊಂದು ಬಿಸ್ಕತ್ತಿನಷ್ಟು.

"ಅಕ್ಕಾ, ಈ ದೊಡ್ಡದರೊಳಗೆ ತಟ್ಟೆ ತಿರುಗುತ್ತೆ. ಬೀಳಿಸಬಾರ್ದು ಅಷ್ಟೇ. ಈ ಚಿಕ್ಕದರಲ್ಲಿ ಏನೂ ತಿರುಗಲ್ಲ, ಬರೀ ಚಿಪ್. ಚುರುಕು, ಬಿದ್ರೂ ತಡ್ಕೊಳುತ್ತೆ."

ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಅವಳು ಎರಡನ್ನೂ ಬಟ್ಟೆ ನೋಡುವ ಹಾಗೆ ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು. ದೊಡ್ಡದಕ್ಕೆ ವೈರು ಹಾಕಿಸಿ ಕಿವಿಗಿಟ್ಟುಕೊಂಡಳು. ಒಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು.

"ಇದೇ ಇರಲಿ. ನನ್ನ ಮಿಷನ್ನು ತಿರುಗುತ್ತೆ, ಇವನ ಗಡಿಯಾರ ತಿರುಗುತ್ತೆ. ತಿರುಗದೇ ಕೆಲಸ ಮಾಡ್ತೀನಿ ಅನ್ನೋದನ್ನ ನಾನು ನಂಬಲ್ಲ."

"ಏನೇನು ತುಂಬ್ತೀರಿ?"

"ಇಪ್ಪತ್ತಮೂರು ಕಥೆ."

"ಸಿನಿಮಾ ಇಲ್ವಾ? ಹಾಗಾದ್ರೆ ಎಲ್ಲಕ್ಕಿಂತ ಚಿಕ್ಕ ಸೈಜ್ ಸಾಕು."

"ಚಿಕ್ಕ ಮಕ್ಕಳ ಬಟ್ಟೆಗೆ ನಾವು ಒಂದಿಂಚು ಒಳಗೆ ಮಡಚಿ ಬಿಡ್ತೀವಪ್ಪಾ," ಎಂದಳು ಅಕ್ಕ. "ಮಗು ಬೆಳೆಯುತ್ತಲ್ಲ. ಒಂದು ಸೈಜ್ ಮೇಲಿಂದೇ ಕೊಡು."

ಅವನು ನಗುತ್ತಾ ಅದನ್ನೇ ತೆಗೆದ. ಎರಡು ತೆಗೆದ. "ಒಂದು ನಿಮ್ಮನೇಲಿರಲಿ, ಅದರದೇ ಪ್ರತಿ ಇನ್ನೊಬ್ಬರ ಮನೇಲಿರಲಿ. ಬೆಂಕಿ, ನೀರು, ಕಳ್ಳ, ಯಾವುದೂ ಒಂದೇ ದಿನ ಎರಡು ಮನೆಗೆ ಬರಲ್ಲ." ವೈರು ನಮ್ಮ ಹಳೇ ಕಂಪ್ಯೂಟರಿನ ಕಿಂಡಿಗೆ ಕೂರುತ್ತದೆಂದು ತೋರಿಸಿದ. ಕೊನೆಗೆ ಒಂದು ಪ್ರಶ್ನೆ ಕೇಳಿದ.

"ಒಂದೇ ಬಗೆ ಕಂಪ್ಯೂಟರಿಗೆ ಹಾಕ್ತೀರಾ, ಬೇರೆ ಬಗೆಯದಕ್ಕೂ ಹಾಕ್ತೀರಾ? ಎರಡಕ್ಕೂ ಅಂದ್ರೆ ಎರಡೂ ಓದೋ ಹಾಗೆ ಈಗ್ಲೇ ಫಾರ್ಮ್ಯಾಟ್, ಅಂದ್ರೆ ಒಳಗಿರೋದೆಲ್ಲ ಅಳಿಸಿ ಸಜ್ಜು, ಮಾಡ್ಕೊಡ್ತೀನಿ."

ಅಕ್ಕ ನನ್ನ ಮುಖ ನೋಡಿದಳು. ನಾನು ತಿಳಿದವನ ಗತ್ತಿನಲ್ಲಿ, "ಒಂದೇ ಮನೆ, ಒಂದೇ ಕಂಪ್ಯೂಟರ್. ಏನೂ ಬೇಡ," ಎಂದೆ.

ಈ ಉತ್ತರವನ್ನು ನೆನಪಿಟ್ಟುಕೊಳ್ಳಿ. ನಾನು ಮರೆಯಲು ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ.

ಗುರುವಾರ ಡಿಸ್ಕನ್ನು ಸಿಕ್ಕಿಸಿದೆವು. ಹೆಸರೇನಿಡಲಿ ಎಂದು ಕಂಪ್ಯೂಟರ್ ಕೇಳಿತು. ಅಕ್ಕ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿ "ತಾತ" ಎಂದು ಬರೆದಳು. ಕಥೆಗಳು ಒಂದೊಂದಾಗಿ ಆಚೆ ಹೋಗುವಷ್ಟು ಹೊತ್ತೂ ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆಯ ಮುಂದೆ ನಿಂತೇ ಇದ್ದಳು. ಭಾವ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ತಲೆಕೆಳಗಾಗಿತ್ತು.

ಸರಿಯಾಗಿ ಬಂದಿದೆಯೇ ಎಂದು ಡಿಸ್ಕಿನಿಂದಲೇ ಒಂದು ಕಥೆ ಹಾಕಿ ನೋಡಿದೆವು.

"ಪ್ರಯಾಣಿಕರು ಗಮನಿಸಿ," ಎಂದಿತು ಭಾವನ ದನಿ, ಮನೆ ತುಂಬ. "ಕಥೆ ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ. ಹಾಲು ಕುಡಿಯದವರು ಬೇಗ ಕುಡಿದು ಬರಬೇಕು. ಕಿಟಕಿಯಿಂದ ಕೈ ಹೊರಗೆ ಚಾಚಬಾರದು."

ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದಳು. "ಹುಟ್ಟದೇ ಇರೋ ಮಗೂನೂ ಗದರ್ತಾರೆ ನೋಡು," ಎಂದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದು ನಟಿಸಿದೆ.

ಡಿಸ್ಕ್ ತೆಗೆಯುವಾಗ ಸುಮ್ಮನೆ ಎಳೆಯಬಾರದು, ಪರದೆಯಲ್ಲಿ 'ತೆಗೆಯುತ್ತೇನೆ' ಎಂದು ಒತ್ತಿ, ಅದು 'ಸರಿ' ಎಂದ ಮೇಲೆಯೇ ತೆಗೆಯಬೇಕು ಎಂದೆ. ಅಕ್ಕನಿಗೆ ಅದು ತುಂಬಾ ಹಿಡಿಸಿತು. "ನಿಂಗಿಂತ ವಾಸಿ. ನೀನು ಹೇಳದೇ ಎದ್ದು ಹೋಗ್ತೀಯ."

ಆಮೇಲೆ ಅವಳು ಟೈಲರ್ ಮಾಡುವ ಕೆಲಸವನ್ನೇ ಮಾಡಿದಳು. ಬಟ್ಟೆಗೆ ಗುರುತು ಹಾಕುವ ಹಳದಿ ಚಾಕಿನಿಂದ, ಕಥೆ ತುಂಬಿದ ಡಿಸ್ಕಿನ ತಳಕ್ಕೆ ಒಂದು ಗುಣಾಕಾರದ ಗುರುತು ಎಳೆದಳು. ಸಮವಸ್ತ್ರದಲ್ಲಿ ಉಳಿದ ನೀಲಿ ಬಟ್ಟೆಯಲ್ಲಿ ಎರಡಕ್ಕೂ ಗುಂಡಿ ಸಮೇತ ಕವರು ಹೊಲಿದಳು. ಅವಳ ಮನೆಯಲ್ಲಿ ರಿಮೋಟಿಗೆ ಕವರಿದೆ, ಕವರಿಟ್ಟ ಪೆಟ್ಟಿಗೆಗೂ ಕವರಿದೆ. ಎರಡೂ ಡಿಸ್ಕ್ ಮಿಷನ್ನಿನ ಡ್ರಾಯರ್ ಸೇರಿದವು. ಖಾಲಿಯದಕ್ಕೆ ಭಾನುವಾರ ಪ್ರತಿ ಮಾಡುವುದು ಎಂದಾಯಿತು.

ಶುಕ್ರವಾರ ಹಳೇ ಕಂಪ್ಯೂಟರಿನ ಟಕ್ ಟಕ್ ನಿಂತಿತು. ಜೊತೆಗೆ ಕಂಪ್ಯೂಟರೂ ನಿಂತಿತು. ಅಂಗಡಿಯವನು ಬಿಚ್ಚಿ ನೋಡಿ, ಒಳಗಿನ ತಟ್ಟೆಗೇ ಗೀರು ಬಿದ್ದಿದೆ, ಏನೂ ಸಿಗುವುದಿಲ್ಲ ಎಂದ. ಭಾನುವಾರ ಅದೇ ಬಗೆಯ ಇನ್ನೊಂದನ್ನು ತಂದು ಕೂರಿಸಿ ಹೋದ. ನಾವು ನೀಲಿ ಕವರಿನ ಗುಂಡಿ ಬಿಚ್ಚಿದೆವು.

ಒಂದು ಡಿಸ್ಕ್ ಖಾಲಿ. ಇನ್ನೊಂದೂ ಖಾಲಿ. ಎರಡರ ತಳದಲ್ಲೂ ಹಳದಿ ಗುರುತಿಲ್ಲ.

ಅಕ್ಕ ಮಿಷನ್ನಿಗೆ ಹೋಗಿ ಕೂತು ಒಂದೇ ತೋಳನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಭಾವ ಅವಳ ಹಿಂದೆ ನಿಂತು, "ಬಿಡೇ, ಇನ್ನೊಂದು ಸಲ ಹೇಳಿದ್ರಾಯ್ತು," ಎಂದರು. ದನಿ ಆಗಲೇ ಒಡೆದಿತ್ತು. ಆಪರೇಷನ್ನಿನ ತನಕ ಜೋರಾಗಿ ಮಾತಾಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಇನ್ನು ಇಪ್ಪತ್ತಮೂರು ಕಥೆ ಎಲ್ಲಿ?

"ಸರಿ," ಎಂದ ಸಲೂನಿನವನು. ದನಿ ಮೆತ್ತಗಾಗಿತ್ತು. "ಆರೋಪಿಗಳು ಯಾರ್ಯಾರು?"

"ಒಂದನೇದು ಕಂಪ್ಯೂಟರ್ ಅಂಗಡಿಯವನು. ಆದ್ರೆ ಅವನು ಕಂಪ್ಯೂಟರ್ ಕೂರಿಸಿ ಹೋದ್ಮೇಲೇನೇ ನಾವು ಡ್ರಾಯರ್ ತೆಗೆದಿದ್ದು. ಎರಡನೇದು ನಮ್ಮಕ್ಕ."

"ಅಕ್ಕನ ಮೇಲೂ ಅನುಮಾನನಾ?"

"ಪತ್ತೇದಾರನಿಗೆ ಅಕ್ಕ ಇಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕರೆದಳು, ಆಮೇಲೆ ಪಟ್ಟಿಯಿಂದ ತೆಗೆದೆ. ಮೂರನೇದು ಭಾವ. ಅವರಿಗೆ ಕಂಪ್ಯೂಟರಲ್ಲಿ ರೆಕಾರ್ಡ್ ಗುಂಡಿ ಬಿಟ್ರೆ ಬೇರೆ ಗುಂಡಿ ಗೊತ್ತಿಲ್ಲ."

"ನಾಲ್ಕನೇದು?"

"ಹೇಳ್ತೀನಿ. ಮೊದ್ಲು ಈ ಕನ್ನಡಕ ಹಿಡ್ಕೋ."

ಕನ್ನಡಕ ತೆಗೆದು ಕೊಟ್ಟೆ. ಅವನು ಕತ್ತಿಯನ್ನು ಪಕ್ಕಕ್ಕಿಟ್ಟ, ಮೆತ್ತನೆಯ ಬ್ರಷ್ಷಿನಿಂದ ಅದನ್ನು ಎರಡು ಸಲ ಗುಡಿಸಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ, ಕನ್ನಡಿಯ ಕೆಳಗಿಟ್ಟ. ಮಾಡಿದ್ದು ಅವನಿಗೇ ಗೊತ್ತಾಗಲಿಲ್ಲ. ಅವನ ಕೈಗೆ ಏನು ಕೊಟ್ಟರೂ ಹೀಗೆಯೇ. ಒಮ್ಮೆ ಮದುವೆ ಕರೆಯೋಲೆ ಕೊಟ್ಟಿದ್ದೆ, ಗುಡಿಸಿ ಒರೆಸಿ ಇಟ್ಟ. ಮದುವೆ ಯಾರದೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ಪುರಾವೆ ಎರಡು," ಎಂದೆ.

ಜೇಬಿನಿಂದ ನಾನು ಗಡಿಯಾರ ನೋಡುವ ಕಣ್ಣುಗಾಜನ್ನು ತೆಗೆದೆ. "ನಿನ್ನೆ ಸಂಜೆ ಎರಡೂ ಡಿಸ್ಕನ್ನ ಇದರಲ್ಲಿ ನೋಡ್ದೆ. ಒಂದರ ತಳ ಮೇಲ್ಗಡೆ ಫಳಫಳ ಅಂತಿದೆ. ಆದ್ರೆ ಅಂಚಿನ ಸಂದಿಯಲ್ಲಿ ಹಳದಿ ಪುಡಿ ಕೂತಿದೆ. ಅಕ್ಕನ ಚಾಕ್‌ಪೀಸಿನದು. ಪಕ್ಕದಲ್ಲೇ ಒಂದು ಬಿಳೀ ಕೂದಲ ಚೂರು. ಉದ್ದ ಅಕ್ಕಿ ಕಾಳಿನ ಅರ್ಧ. ತುದಿ ಓರೆ. ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಕ್ಷೌರದ ಕತ್ತೀದು. ಗಡ್ಡದ್ದು."

ಸಲೂನಿನವನು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. ಕನ್ನಡಿಯಲ್ಲಿ ನಾವಿಬ್ಬರು: ಒಬ್ಬ ನೊರೆ ಮೆತ್ತಿಕೊಂಡವನು, ಇನ್ನೊಬ್ಬ ಬೆವರುತ್ತಿದ್ದವನು.

"ನಾನು ಕದೀಲಿಲ್ಲ ಕಣೋ."

"ಕದ್ದೆ ಅಂತ ನಾನೆಲ್ಲಿ ಅಂದೆ?"

"ಮೈಕಣ್ಣನೇ ಲ್ಯಾಪ್‌ಟಾಪ್ ಸಮೇತ ಮನೆಗೆ ಕರೆದಿದ್ದು. ಶನಿವಾರ ಶೇವಿಂಗ್ ಮುಗೀತು. ಅಕ್ಕ ಹೊರಗಡೆ ಹೋಗಿದ್ರು. 'ನಿನ್ನ ಲ್ಯಾಪ್‌ಟಾಪ್ ತಂದಿದೀಯಲ್ಲ, ಇನ್ನೊಂದೇ ಒಂದು ರೆಕಾರ್ಡ್ ಮಾಡ್ಬೇಕು. ಅವಳಿಗೆ ಗೊತ್ತಾಗಬಾರ್ದು' ಅಂದ್ರು. ಇದೇ ಲ್ಯಾಪ್‌ಟಾಪು." ಮೂಲೆಯಲ್ಲಿ ಸದಾ ಹಾಡು ಹಾಡುವ ಬೆಳ್ಳಿಬಣ್ಣದ ಯಂತ್ರವನ್ನು ತೋರಿಸಿದ. ಅಕ್ಕನ ಮನೆಯ ಕಂಪ್ಯೂಟರೇ ಬೇರೆ ಬಗೆ, ಇದೇ ಬೇರೆ ಬಗೆ. ಅಂಗಡಿಯಲ್ಲಿ ನಾನೇ ಅಂದಿದ್ದೆ: ಒಂದೇ ಮನೆ, ಒಂದೇ ಕಂಪ್ಯೂಟರ್.

"ಇಪ್ಪತ್ನಾಲ್ಕನೇ ಕಥೆನಾ?"

"ಕಥೆ ಅಲ್ಲ. ಎರಡೇ ಮಾತು."

ಅವನು ಬ್ರಷ್ಷಿನ ಕೂದಲನ್ನು ಬೆರಳಲ್ಲಿ ಸವರುತ್ತಾ ಕೂತ. ಆಮೇಲೆ ಹೇಳಿದ.

"ಮೂವತ್ತೊಂದು ವರ್ಷ ಡ್ಯೂಟಿ ಮುಗಿಸಿ ಬಂದಾಗೆಲ್ಲ ಬಾಗಿಲಲ್ಲಿ ನಿಂತು 'ಬಂದೆ ಕಣೇ' ಅಂತಿದ್ರಂತೆ. ಅಷ್ಟು ಅಂದ ತಕ್ಷಣ ಒಳಗೆ ಅಕ್ಕನ ಮಿಷನ್ ಸದ್ದು ನಿಲ್ತಿತ್ತಂತೆ. 'ಊರಿಗೆಲ್ಲ ಹೊರಡೋದನ್ನೇ ಕೂಗ್ದೆ. ಬಂದೆ ಅಂದಿದ್ದು ಅವಳೊಬ್ಬಳಿಗೇ. ಬುಧವಾರ ಆದ್ಮೇಲೆ ಬಾಗಿಲಲ್ಲಿ ನಿಂತ್ರೆ ಏನಂತ ಹೇಳ್ಲಿ? ಅದೊಂದನ್ನ ತುಂಬಿಸಿ ಇಟ್ಬಿಡೋಣ' ಅಂದ್ರು."

ನನಗೆ ನೊರೆ ಕಣ್ಣಿಗೆ ಹೋಯಿತು. ಸೋಪು ಕೆಟ್ಟದು.

"ಆಮೇಲೆ?" ಎಂದೆ.

"'ಹಳದಿ ಗುರುತು ಇರೋದನ್ನ ಮುಟ್ಬೇಡ, ಇನ್ನೊಂದು ಖಾಲಿ, ಅದನ್ನ ತಗೋ' ಅಂದ್ರು. ಎರಡೂ ಕವರು ಬಿಚ್ಚಿ ಈಚೆ ತೆಗೆದೆ. ನೋಡಿದ್ರೆ ಗುರುತು ಯಾವುದರಲ್ಲೂ ಇಲ್ಲ."

"ತೆಗೆದ ತಕ್ಷಣ ಏನು ಮಾಡ್ದೆ?"

"ಏನೂ ಇಲ್ಲಪ್ಪ, ತೆಗೆದೆ, ನೋಡ್ದೆ..."

ನಾನು ಕನ್ನಡಿಯ ಕೆಳಗಿದ್ದ ನನ್ನ ಕನ್ನಡಕವನ್ನು ತೋರಿಸಿದೆ. ಫಳಫಳ ಹೊಳೆಯುತ್ತಿತ್ತು. ಅವನು ಅದನ್ನೇ ನೋಡಿದ, ತನ್ನ ಕೈಯಲ್ಲಿದ್ದ ಬ್ರಷ್ ನೋಡಿದ. ಬ್ರಷ್ ಕೆಳಗೆ ಬಿತ್ತು.

"ಅಯ್ಯೋ."

"ಒಂದನ್ನ ಸಿಕ್ಕಿಸಿದೆ. ಅದೇನು ಕೇಳ್ತು?"

"ಈ ಡಿಸ್ಕ್ ಓದೋಕೆ ಆಗ್ತಿಲ್ಲ, ಫಾರ್ಮ್ಯಾಟ್ ಮಾಡ್ಲಾ ಅಂತ. ಮರ್ಯಾದೆಯಾಗಿ ಕೇಳ್ತು. ನಾನೂ ಮರ್ಯಾದೆಯಾಗಿ ಹೂಂ ಅಂತ ಒತ್ತಿದೆ. ಖಾಲಿ ಇದ್ದಿದ್ದಕ್ಕೇ ಓದೋಕೆ ಆಗ್ತಿಲ್ಲ ಅಂದ್ಕೊಂಡೆ. ಅಷ್ಟರಲ್ಲಿ ಅಕ್ಕ ಗೇಟ್ ತೆಗೆದ ಸದ್ದು. ಏನೂ ರೆಕಾರ್ಡ್ ಮಾಡದೇನೇ ಎರಡನ್ನೂ ಕವರಿಗೆ ತುರುಕಿ ಡ್ರಾಯರಿಗೆ ಹಾಕ್ದೆ." ಅವನ ಮುಖ ನೊರೆಗಿಂತ ಬಿಳುಪಾಗಿತ್ತು. "ಅಂದ್ರೆ ನಾನು ಒತ್ತಿದ್ದು..."

"ಹೂಂ. ಕಥೆ ತುಂಬಿದ್ದಕ್ಕೇ."

ಅವನು ಬಿದ್ದ ಬ್ರಷ್ಷನ್ನು ಎತ್ತಿ ಒರೆಸತೊಡಗಿದ. ಮೂವತ್ತು ವರ್ಷ ಭಾವನ ಗಡ್ಡ ತೆಗೆದವನು. ಆ ಗಂಟಲಿನ ಒಂದೊಂದು ಗೆರೆಯೂ ಅವನಿಗೆ ಗೊತ್ತು. ಅಲ್ಲಿ ಸಣ್ಣ ಗಂಟೊಂದು ಕೈಗೆ ಸಿಕ್ಕಿತೆಂದು ಮೊದಲು ಹೇಳಿ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದವನೂ ಅವನೇ.

"ನಾನು ಆ ಮನೆಗೆ ಹೇಗೋ ಮುಖ ತೋರಿಸ್ಲಿ?"

"ನನ್ನ ಮುಖದ ಅರ್ಧ ಕೆಲಸ ಬಾಕಿ ಇದೆ, ಮೊದ್ಲು ಅದನ್ನ ಮುಗಿಸು. ಪತ್ತೇದಾರ ಬರಿಗೈಲಿ ಬರ್ತಾನಾ? ಬೆಳಿಗ್ಗೆ ಅಂಗಡಿಯವನ ಹತ್ರ ಹೋಗಿ ಬಂದೆ. ಫಾರ್ಮ್ಯಾಟ್ ಆದ್ರೂ ಕಥೆ ಹೋಗಿರಲ್ಲವಂತೆ. ಬಾಗಿಲ ಮೇಲಿನ ಬೋರ್ಡು ಕಿತ್ತ ಹಾಗೆ, ಒಳಗೆ ಜನ ಹಾಗೇ ಕೂತಿರ್ತಾರಂತೆ. ಅಕ್ಕ ತಿರುಗೋ ತಟ್ಟೇನೇ ಆರಿಸಿದ್ದು ಪುಣ್ಯ, ಆ ಚಿಪ್ ಇರೋದಾಗಿದ್ರೆ ತಾನೇ ಒಳಗೆಲ್ಲ ಗುಡಿಸಿಬಿಡ್ತಿತ್ತು ಅಂದ. ನಿನ್ನ ಹಾಗೆ."

"ವಾಪಸ್ ಬರುತ್ತಾ?"

"ಬರುತ್ತೆ. ಸಂಜೆ ಐದಕ್ಕೆ ಅವನೇ ಬರ್ತಾನೆ. ಒಂದೇ ಷರತ್ತು. ಅಲ್ಲೀತನಕ ಆ ಡಿಸ್ಕಿಗೆ ಹೊಸದಾಗಿ ಏನೂ ತುಂಬಬಾರ್ದು. ಒಂದು ಮಾತು ತುಂಬಿದ್ರೂ ಅದು ಯಾವ ಕಥೆ ಮೇಲೆ ಹೋಗಿ ಕೂರುತ್ತೋ ಗೊತ್ತಿಲ್ಲ."

"ಅಕ್ಕನಿಗೆ ಹೇಳಿದೀಯ ತಾನೆ?"

"ಇಲ್ಲ."

"ಮೈಕಣ್ಣನಿಗೆ?"

"ಯಾರಿಗೂ ಹೇಳಿಲ್ಲ. ಪತ್ತೇದಾರ ಎಲ್ಲರನ್ನೂ ಒಂದೇ ಕೋಣೇಲಿ ಕೂರಿಸಿ ಆಮೇಲೆ ಗುಟ್ಟು ಬಿಡಬೇಕು. ಸಂಜೆಗೆ ಅಂತ ಕುರ್ಚಿ ಕೂಡ ಸಾಲಾಗಿ ಹಾಕಿ ಬಂದಿದೀನಿ."

ಅವನು ನಿಧಾನವಾಗಿ ಎದ್ದು ನಿಂತ.

"ಮೈಕಣ್ಣ ಬೆಳಿಗ್ಗೆ ನಂಗೆ ಫೋನ್ ಮಾಡಿದ್ರು ಕಣೋ. 'ಹನ್ನೊಂದಕ್ಕೆ ಅವಳು ಶಾಲೆಗೆ ಬಟ್ಟೆ ಕೊಡೋಕೆ ಹೋಗ್ತಾಳೆ. ಅವತ್ತು ನಿಂತು ಹೋಗಿದ್ದನ್ನ ಇವತ್ತು ಹೊಸ ಕಂಪ್ಯೂಟರಲ್ಲಿ ನಾನೇ ಮುಗಿಸ್ತೀನಿ. ಡಿಸ್ಕ್ ಹೇಗೂ ಎರಡೂ ಖಾಲಿ, ಕೈಗೆ ಯಾವ್ದು ಸಿಗುತ್ತೋ ಅದಕ್ಕೆ ತುಂಬಿಸ್ತೀನಿ' ಅಂದ್ರು."

ನಾವಿಬ್ಬರೂ ಗೋಡೆ ಗಡಿಯಾರ ನೋಡಿದೆವು. ಹತ್ತು ಐವತ್ತು.

"ಇನ್ನೂ ಹತ್ತು ನಿಮಿಷ ಇದೆ," ಎಂದ ಅವನು, ಉಸಿರು ಬಿಟ್ಟು.

ನಾನು ಸತ್ಯವಂತ. ಆಣೆ ಬೇರೆ ಮಾಡಿದ್ದೆ. "ಅದು ಹತ್ತು ನಿಮಿಷ ಹಿಂದಿದೆ ಗುರುವೇ. ಹೋದ ತಿಂಗಳು ನಾನೇ ರಿಪೇರಿ ಮಾಡಿದ್ದು."

ಅವನು ಫೋನ್ ಎತ್ತಿ ಒತ್ತಿದ, ಕಿವಿಗಿಟ್ಟ, ನನ್ನ ಮುಖ ನೋಡಿದ. "ಆಫ್ ಆಗಿದೆ."

ರೆಕಾರ್ಡ್ ಮಾಡಲು ಕೂತರೆ ಭಾವ ಫೋನ್ ಆಫ್ ಮಾಡುತ್ತಾರೆ. ಮೂವತ್ತೊಂದು ವರ್ಷದ ಶಿಸ್ತು.

"ಎರಡರಲ್ಲಿ ಯಾವುದು ಅವರ ಕೈಗೆ ಸಿಗುತ್ತೆ?" ಎಂದ.

"ಅದರ ಯೋಚನೆ ಬೇಡ. ಸಂಜೆ ಹುಡುಕೋ ತಾಪತ್ರಯ ಆಗಬಾರ್ದು ಅಂತ ಕಥೆ ಇರೋದನ್ನ ನಾನು ಬೇರೆ ಇಟ್ಟಿದೀನಿ."

"ಎಲ್ಲಿ?"

"ಡ್ರಾಯರ್ ತೆಗೆದ ಕೂಡ್ಲೇ ಕೈಗೆ ಸಿಗೋ ಹಾಗೆ. ಎಲ್ಲಕ್ಕಿಂತ ಮೇಲೆ."

ಅವನು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಕೊರಳಿನ ಟವೆಲ್ ಕಿತ್ತು ನನ್ನ ತೊಡೆಯ ಮೇಲೆ ಎಸೆದು ಬಾಗಿಲ ಕಡೆ ತಿರುಗಿದ.

"ಗುರುವೇ, ನಿಲ್ಲು, ಪೂರ್ತಿ ಕೇಳು! ಮೇಲಿಟ್ಟಿದ್ದು ನಿಜ, ಆದ್ರೆ ಇಡೋದಕ್ಕೆ ಮುಂಚೆ ನಾನು ಇನ್ನೊಂದು ಕೆಲಸ ಮಾಡಿದ್ದೆ, ಅದು ನಂಗೆ ಈಗ ತಾನೇ ನೆನಪಾಗ್ತಿದೆ, ಆ ಡಿಸ್ಕಿನ ವೈರು ಇದೆಯಲ್ಲ, ಅದನ್ನ ನಾನು...